ಸುರಂಗ ದಾಟಿದ ಬಾಲಕ

ಡೋರಿಸ್ ಲೆಸಿಂಗ್ 1955ರಲ್ಲಿ ಪ್ರಕಟಿಸಿದ ‘ಥ್ರೂ ದ ಟನಲ್’ ಎಂಬ ಸಣ್ಣ ಕತೆಯನ್ನು ನಾವಿಲ್ಲಿ ಪರಿಶೀಲಿಸೋಣ. 1919ರಲ್ಲಿ ಪರ್ಷಿಯದಲ್ಲಿ ಜನಿಸಿ, ಆಫ್ರಿಕದ ದಕ್ಷಿಣ ರೊಡೇಷಿಯದಲ್ಲಿ ಬೆಳೆದು, ಬಳಿಕ ಇಂಗ್ಲೆಂಡಿನಲ್ಲಿ ನೆಲೆಸಿದ ಈ ಲೇಖಕಿಗೆ 2007ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇಷ್ಟು ಪರಿಚಯ ಸಾಕು.

ಜೆರ್ರಿ ಹನ್ನೊಂದು ವರ್ಷದ ಇಂಗ್ಲಿಷ್ ಬಾಲಕ. ವಿಧವೆಯಾದ ತಾಯಿಗೆ ಒಬ್ಬನೇ ಮಗ. ರಜೆಗೆಂದು ಪರದೇಶದ ಕಡಲತೀರಕ್ಕೆ ಬಂದವನು, ತಾಯಿ ಕುಳಿತ ಮರಳದಂಡೆಯನ್ನು ತೊರೆದು ಬಂಡೆಗಳ ಕೊಲ್ಲಿಗೆ ಹೋಗುತ್ತಾನೆ. ಅಲ್ಲಿಯ ದೊಡ್ಡ ಹುಡುಗರು ನೀರೊಳಗಿನ ಸುರಂಗವನ್ನು ತೂರಿ ಆಚೆ ಏಳುತ್ತಾರೆ. ಅವರ ಭಾಷೆ ಇವನಿಗೆ ತಿಳಿಯದು. ಅವರ ಗಮನ ಸೆಳೆಯಲು ನೀರೆರಚುತ್ತಾನೆ, ಶಾಲೆಯಲ್ಲಿ ಕಲಿತ ಫ್ರೆಂಚ್ ಮಾತುಗಳನ್ನು ಕೂಗುತ್ತಾನೆ. ಅವರು ನಗುವುದೂ ಇಲ್ಲ; ಹುಬ್ಬು ಗಂಟಿಕ್ಕಿ ನೋಡುತ್ತಾರೆ. ಪರಭಾಷೆಯ ಹುಡುಗರ ಆಟದ ಅಂಚಿನಲ್ಲಿ ಎಂದಾದರೂ ನಿಂತವರಿಗೆ ಈ ನೋಟದ ಇರಿತ ಗೊತ್ತು. ಕತೆಯ ಬೀಜ ಸುರಂಗದಲ್ಲಿಲ್ಲ, ಇಲ್ಲಿದೆಯೆಂದು ನಮ್ಮ ಮತ.

ಮುಂದಿನದು ಏಕಾಂತದ ಸಿದ್ಧತೆ. ತಾಯಿಯನ್ನು ಕಾಡಿ ಈಜುಗನ್ನಡಕ ಕೊಳ್ಳುತ್ತಾನೆ. ಭಾರವಾದ ಕಲ್ಲನ್ನು ಹಿಡಿದು ತಳಕ್ಕಿಳಿದು ಸುರಂಗದ ಬಾಯನ್ನು ಹುಡುಕುತ್ತಾನೆ. ದಿನದಿನವೂ ಉಸಿರು ಬಿಗಿಹಿಡಿಯುವ ಅಭ್ಯಾಸ ಮಾಡುತ್ತಾನೆ. ಮೂಗಿನಿಂದ ರಕ್ತ ಸುರಿದರೂ ಬಿಡುವುದಿಲ್ಲ. ಕೊನೆಗೆ ಒಳಹೊಕ್ಕು ಎಣಿಸುತ್ತ ಸಾಗುತ್ತಾನೆ. ಬಂಡೆಯ ಬಿರುಕೊಂದರಲ್ಲಿ ಬೆಳಕು ಕಂಡು ಗೆದ್ದೆನೆಂದುಕೊಳ್ಳುವಷ್ಟರಲ್ಲಿ ಮತ್ತೆ ಕತ್ತಲೆ. ನೂರ ಹದಿನೈದು ಎಂಬ ಒಂದೇ ಎಣಿಕೆ ತಲೆಯಲ್ಲಿ ಮರುಮೊಳಗುತ್ತದೆ. ಬುದ್ಧಿ ಮಂಕಾಗುವುದನ್ನು ಲೇಖಕಿ ಎಷ್ಟು ಮಿತವಾಗಿ ತೋರಿದ್ದಾರೆ!

ಈ ಮಂಕಿಗೆ ಕಾರಣ ಶರೀರಶಾಸ್ತ್ರದಲ್ಲಿದೆ. ಉಸಿರಾಡಲೇಬೇಕೆಂಬ ತಹತಹ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ಏರಿದಾಗ, ಆಮ್ಲಜನಕ ಇಳಿದಾಗಲ್ಲ. ಮುಳುಗುವ ಮುನ್ನ ಪದೇ ಪದೇ ದೀರ್ಘವಾಗಿ ಉಸಿರೆಳೆದು ಬಿಟ್ಟವನಲ್ಲಿ ಆ ಅನಿಲ ಮೊದಲೇ ತಗ್ಗಿರುವುದರಿಂದ ಎಚ್ಚರಿಕೆ ತಡವಾಗಿ ಬರುತ್ತದೆ. ಅಷ್ಟರಲ್ಲಿ ನೀರೊಳಗೇ ಪ್ರಜ್ಞೆ ತಪ್ಪಬಹುದು. ನುರಿತ ಈಜುಗಾರರೂ ಹೀಗೆ ಮಡಿದಿದ್ದಾರೆ. ಜೆರ್ರಿಯ ಬಳಿ ಕೈನೀಡುವವರು ಯಾರೂ ಇರಲಿಲ್ಲ. ಅವನು ಬದುಕಿ ಬಂದುದರಲ್ಲಿ ಅಭ್ಯಾಸದ ಪಾಲಿನಷ್ಟೇ ಅದೃಷ್ಟದ ಪಾಲೂ ಇದೆ. ಇದನ್ನು ಬರಿಯ ಶೌರ್ಯದ ಕತೆಯೆಂದು ಉತ್ತರ ಬರೆಯುವವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ.

ಹಾಗಾದರೆ ಅವನು ಗಳಿಸಿದುದೇನು? ಮೇಲೆ ಬಂದಾಗ ದೂರದಲ್ಲಿ ಆ ಹುಡುಗರು ಧುಮುಕುತ್ತಿರುವುದು ಕಾಣುತ್ತದೆ. ಯಾರ ಮೆಚ್ಚುಗೆಗಾಗಿ ಇಷ್ಟೆಲ್ಲ ಆರಂಭವಾಯಿತೋ ಅವರು ಅವನಿಗೀಗ ಬೇಡ. ಮನೆಗೆ ಹೋಗಿ ಮಲಗಿದರೆ ಸಾಕು. ಬಳಿಕ ತಾಯಿಯೊಡನೆ, ನೀರಿನಡಿ ಎರಡು ಮೂರು ನಿಮಿಷ ಇರಬಲ್ಲೆನೆಂದಷ್ಟೇ ಹೇಳುತ್ತಾನೆ, ಸುರಂಗದ ಮಾತೆತ್ತುವುದಿಲ್ಲ. ಇಂದಿಗೆ ಈಜು ಸಾಕೆನ್ನುತ್ತಾಳೆ ತಾಯಿ. ವಾದಕ್ಕೆ ಸಿದ್ಧಳಾಗಿ ನಿಂತವಳಿಗೆ ಅವನು ಒಡನೆಯೇ ಒಪ್ಪಿಬಿಡುತ್ತಾನೆ. ಆ ಕೊಲ್ಲಿಗೆ ಹೋಗುವುದು ಅವನಿಗೆ ಇನ್ನು ದೊಡ್ಡ ಮಾತಲ್ಲ.