ಪರಿವರ್ತನೀಯ ಅವಧಿ ವಿಮೆ: ವರ್ತಕರು ಅರಿತಿರಬೇಕಾದ ಅಂಶಗಳು

ಅಂಗಡಿಗೆ, ಯಂತ್ರಕ್ಕೆ, ದಾಸ್ತಾನಿಗೆ ತಪ್ಪದೆ ವಿಮೆ ಮಾಡಿಸುವ ವರ್ತಕರು ತಮ್ಮ ಜೀವವಿಮೆಯನ್ನು ಮುಂದೂಡುವುದುಂಟು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಹೆದ್ದಾರಿ ಬದಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬದವರೂ ಲಾರಿ ಚಾಲಕರೂ ಪ್ರಾಣ ಕಳೆದುಕೊಂಡರು. ದುಡಿಯುವ ಕೈ ಇಲ್ಲವಾದರೂ ಮನೆಯ ಖರ್ಚಾಗಲಿ ಬ್ಯಾಂಕಿನ ಕಂತಾಗಲಿ ನಿಲ್ಲುವುದಿಲ್ಲ.

ಟರ್ಮ್ ಪಾಲಿಸಿ ಎಂದು ಕರೆಯಲಾಗುವ ಅವಧಿ ವಿಮೆಯಲ್ಲಿ ಕಡಿಮೆ ಪ್ರೀಮಿಯಂಗೆ ದೊಡ್ಡ ಮೊತ್ತದ ರಕ್ಷಣೆ ದೊರೆಯುತ್ತದೆ. ಅವಧಿ ಮುಗಿದೊಡನೆ ರಕ್ಷಣೆಯೂ ಮುಗಿಯುತ್ತದೆ. ಈ ಪಾಲಿಸಿಯನ್ನು ಹೊಸ ವೈದ್ಯಕೀಯ ಪರೀಕ್ಷೆಯಿಲ್ಲದೆ ಆಜೀವ ವಿಮೆಗೆ ಅಥವಾ ಎಂಡೋಮೆಂಟ್ ಪಾಲಿಸಿಗೆ ಬದಲಾಯಿಸಿಕೊಳ್ಳುವ ಹಕ್ಕಿದ್ದರೆ ಅದು ಪರಿವರ್ತನೀಯ ಅವಧಿ ವಿಮೆ. ಭಾರತೀಯ ಜೀವ ವಿಮಾ ನಿಗಮವು ಹಿಂದೆ ಇಂತಹ ಪಾಲಿಸಿಯೊಂದನ್ನು ಮಾರುತ್ತಿತ್ತು. ಆರಂಭದಲ್ಲಿ ಹೆಚ್ಚಿನ ಪ್ರೀಮಿಯಂ ತೆರಲಾಗದ, ಮುಂದೆ ಆದಾಯ ಹೆಚ್ಚುವ ನಿರೀಕ್ಷೆಯುಳ್ಳ ಗ್ರಾಹಕರಿಗಾಗಿ ಅದನ್ನು ರೂಪಿಸಲಾಗಿತ್ತು.

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಭಾವಿಕೇರಿಯಲ್ಲಿ ಅಕ್ಕಿ ಗಿರಣಿ ಆರಂಭಿಸಲು ಸಾಲ ಪಡೆದ 30 ವರ್ಷದ ಉದ್ದಿಮೆದಾರರೊಬ್ಬರು 15 ವರ್ಷಗಳಿಗೆ 20 ಲಕ್ಷ ರೂಪಾಯಿಗಳ ಅವಧಿ ವಿಮೆ ಮಾಡಿಸಿದರೆಂದು ಭಾವಿಸಿರಿ. 40ನೆಯ ವಯಸ್ಸಿನಲ್ಲಿ ಅವರಿಗೆ ಮಧುಮೇಹ ಕಾಣಿಸಿಕೊಂಡಿತು. 45ಕ್ಕೆ ಪಾಲಿಸಿ ಮುಗಿಯುವಾಗ ಸಾಲ ತೀರಿದ್ದರೂ ಮಕ್ಕಳ ವಿದ್ಯಾಭ್ಯಾಸ ಬಾಕಿಯಿರುತ್ತದೆ. ಆಗ ಹೊಸ ಪಾಲಿಸಿ ಕೇಳಿದರೆ ಕಂಪನಿಯು ಹೆಚ್ಚುವರಿ ಪ್ರೀಮಿಯಂ ವಿಧಿಸಬಹುದು ಅಥವಾ ಅರ್ಜಿಯನ್ನೇ ನಿರಾಕರಿಸಬಹುದು. ಪರಿವರ್ತನೆಯ ಹಕ್ಕನ್ನು ಗಡುವಿನೊಳಗೆ ಬಳಸಿದ್ದರೆ ಮಧುಮೇಹವು ಅಡ್ಡಿಯಾಗುತ್ತಿರಲಿಲ್ಲ. ಆರೋಗ್ಯ ಕೆಟ್ಟ ಮೇಲೂ ವಿಮೆ ದೊರೆಯುವ ಭರವಸೆಯೇ ಈ ಹಕ್ಕಿನ ನಿಜವಾದ ಬೆಲೆ.

ಈ ಹಕ್ಕನ್ನು ಬಳಸುವವರು ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

1. ಪರಿವರ್ತನೆಯ ಗಡುವು ಸಾಮಾನ್ಯವಾಗಿ ಪಾಲಿಸಿಯ ಅವಧಿಗಿಂತ ಮೊದಲೇ ಮುಗಿಯುತ್ತದೆ. ಆ ದಿನಾಂಕವನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು.

2. ಪಾಲಿಸಿ ಚಾಲ್ತಿಯಲ್ಲಿರಬೇಕು. ಪ್ರೀಮಿಯಂ ಪಾವತಿಗೆ ಮಾಸಿಕ ಕಂತಿನವರಿಗೆ 15 ದಿನ, ಉಳಿದವರಿಗೆ 30 ದಿನಗಳ ರಿಯಾಯಿತಿ ಅವಧಿಯಿದೆ.

3. ಹೊಸ ಪ್ರೀಮಿಯಂ ಸಾಮಾನ್ಯವಾಗಿ ಪರಿವರ್ತನೆಯ ಸಮಯದ ವಯಸ್ಸಿನ ಮೇಲೆ ನಿಗದಿಯಾಗುವುದರಿಂದ ಬಹಳಷ್ಟು ಏರುತ್ತದೆ. ವ್ಯಾಪಾರ ಮಂದವಿರುವ ಮಳೆಗಾಲದಲ್ಲೂ ಅದನ್ನು ತುಂಬಲು ಸಾಧ್ಯವೇ ಎಂದು ಲೆಕ್ಕ ಹಾಕಬೇಕು. ಕರಾರು ಒಪ್ಪಿದರೆ ಮೊತ್ತದ ಒಂದು ಭಾಗವನ್ನಷ್ಟೇ ಪರಿವರ್ತಿಸಬಹುದು.

4. ಮೂಲ ಮೊತ್ತಕ್ಕಿಂತ ಹೆಚ್ಚಿನ ವಿಮೆ ಬೇಕಾದರೆ ಆರೋಗ್ಯದ ಪುರಾವೆ ನೀಡಬೇಕಾಗುತ್ತದೆ.

5. ಹಣ ಮರಳಿ ಬರುತ್ತದೆಂಬ ಒಂದೇ ಕಾರಣಕ್ಕೆ ಪರಿವರ್ತಿಸುವುದು ಜಾಣತನವಲ್ಲ. ಅಷ್ಟೇ ಪ್ರೀಮಿಯಂಗೆ ಎಂಡೋಮೆಂಟ್ ಪಾಲಿಸಿ ನೀಡುವ ರಕ್ಷಣೆ ಅವಧಿ ವಿಮೆಗಿಂತ ಬಹಳ ಕಡಿಮೆ.

ಇಂದು ಮಾರಾಟವಾಗುವ ಎಲ್ಲ ಟರ್ಮ್ ಪಾಲಿಸಿಗಳಲ್ಲಿಯೂ ಈ ಹಕ್ಕು ಇರುವುದಿಲ್ಲ. ಏಜೆಂಟರ ಬಾಯಿಮಾತನ್ನು ನೆಚ್ಚದೆ, ಪಾಲಿಸಿ ಕೈಸೇರಿದೊಡನೆ ಕರಾರನ್ನು ಓದಬೇಕು. 2024ರ ನಿಯಮಗಳಂತೆ, ಷರತ್ತುಗಳು ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಪಾಲಿಸಿಯನ್ನು ಹಿಂದಿರುಗಿಸಬಹುದು. ಪರಿವರ್ತನೆಯ ಹಕ್ಕಿಲ್ಲದ ಪಾಲಿಸಿ ಕೊಳ್ಳುವವರು ಸಾಲದ ಅವಧಿಗಷ್ಟೇ ಸೀಮಿತಗೊಳಿಸದೆ, ತಾವು ದುಡಿಯುವ ವಯಸ್ಸಿನ ಕೊನೆಯವರೆಗೂ ರಕ್ಷಣೆ ಇರುವಂತೆ ಆರಂಭದಲ್ಲಿಯೇ ದೀರ್ಘ ಅವಧಿಯನ್ನು ಆರಿಸಿಕೊಳ್ಳುವುದು ಲೇಸು.