ಸ್ಪಾರ್ಕ್ ಪ್ಲಗ್: ಕಾರಿನ ಕಿಡಿಯನ್ನು ಮನೆಯಲ್ಲೇ ಬದಲಿಸುವ ಕ್ರಮ

ಪೆಟ್ರೋಲ್ ಕಾರಿನ ಎಂಜಿನ್ ನಡೆಯುವುದು ಬೆಂಕಿಯ ಬಲದಿಂದ. ಆ ಬೆಂಕಿಯನ್ನು ಹೊತ್ತಿಸುವುದು ಹೆಬ್ಬೆರಳಿಗಿಂತ ತುಸು ಉದ್ದವಾದ ಒಂದು ಸಾಧನ. ಅದೇ ಸ್ಪಾರ್ಕ್ ಪ್ಲಗ್. ಕನ್ನಡ ಕಲಿಸುವವರಿಗೆ ಕಾರಿನ ಗೊಡವೆ ಏಕೆಂದು ಕೆಲವರಿಗೆ ಅನಿಸೀತು. ನಮ್ಮ ಕಾಸರಗೋಡಿನ ಕಡೆ ಕಾರಿನ ಕೈಪಿಡಿ ಇಂಗ್ಲಿಷಿನದು, ಗ್ಯಾರೇಜಿನ ಮಾತು ಹೆಚ್ಚಾಗಿ ಮಲಯಾಳದ್ದು. ಹೀಗಾಗಿ ಯಂತ್ರದ ಸಂಗತಿ ಕನ್ನಡದಲ್ಲಿ ಹೇಳಲು ಬರುವಂಥದಲ್ಲ ಎಂಬ ಭಾವನೆ ಮಕ್ಕಳಲ್ಲಿ ಬೆಳೆಯುತ್ತದೆ. ಅದು ನಿಜವೇ ಎಂಬುದನ್ನು ಈ ಸಣ್ಣ ಕೆಲಸದಿಂದಲೇ ಪರೀಕ್ಷಿಸೋಣ. ‘ಪ್ಲಗ್’ ಎಂಬುದಕ್ಕೆ ಬದಲಿ ಶಬ್ದ ಹುಡುಕುವ ಗೋಜು ಬೇಡ. ಬಸ್ಸು, ಸೈಕಲುಗಳಂತೆ ಅದೂ ನಮ್ಮ ಮಾತೇ ಆಗಿದೆ.

ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಬರುತ್ತದೆ. ಪಿಸ್ಟನ್ ಮೇಲೇರಿ ಅದನ್ನು ಅದುಮುತ್ತದೆ. ಆ ಹೊತ್ತಿಗೆ ಸರಿಯಾಗಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕು. ಬ್ಯಾಟರಿಯ 12 ವೋಲ್ಟುಗಳಿಂದ ಈ ಕೆಲಸ ಆಗದು. ಇಗ್ನಿಷನ್ ಕಾಯಿಲ್ ಅದನ್ನು ಸಾವಿರಾರು ವೋಲ್ಟುಗಳಿಗೆ ಏರಿಸುತ್ತದೆ. ಆಗ ವಿದ್ಯುತ್ತು ಪ್ಲಗ್ಗಿನ ನಡುಗಡ್ಡಿಯಿಂದ ಪಕ್ಕದ ಬಾಗಿದ ಗಡ್ಡಿಗೆ ಗಾಳಿಯನ್ನು ಸೀಳಿಕೊಂಡು ಜಿಗಿಯುತ್ತದೆ. ನಡುವೆ ಕಾಣುವ ಬಿಳಿಯ ಪಿಂಗಾಣಿಯು ವಿದ್ಯುತ್ತು ದಾರಿ ತಪ್ಪದಂತೆ ಕಾಯುತ್ತದೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಮ್ಮೆ ಕಿಡಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಒಂದೊಂದು ಪ್ಲಗ್ ಸೆಕೆಂಡಿಗೆ ಎಷ್ಟು ಬಾರಿ ಕಿಡಿ ಕೊಡುತ್ತದೆ? ಲೆಕ್ಕ ಮಾಡಿರಿ: 25 ಬಾರಿ. ಇಷ್ಟು ದುಡಿದ ಗಡ್ಡಿ ಸವೆಯದೆ ಇದ್ದೀತೆ?

ಜರ್ಮನಿಯಲ್ಲಿ ರಾಬರ್ಟ್ ಬಾಷ್ ಅವರ ಕಾರ್ಖಾನೆಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ ಅಧಿಕ ವೋಲ್ಟಿನ ಮ್ಯಾಗ್ನೆಟೊ ಮತ್ತು ಪ್ಲಗ್ಗುಗಳನ್ನು ಜೊತೆಗೂಡಿಸಿ ಸಿದ್ಧಪಡಿಸಿದ್ದು 1902ರ ಸುಮಾರಿಗೆ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೊ ಕಂಪೆನಿಯ ಪ್ಲಗ್ಗುಗಳನ್ನು ಹಿರಿಯರು ಬಲ್ಲರು. 2008ರಲ್ಲಿ ಆ ಕಂಪೆನಿಯ ಹೆಸರು ಬಾಷ್ ಎಂದಾಯಿತು.

ನಾವು ಉದಾಹರಣೆಗೆ ಮಾರುತಿ 800 ಕಾರನ್ನು ತೆಗೆದುಕೊಳ್ಳೋಣ. ಅದು 1983ರಿಂದ 2014ರ ವರೆಗೆ ತಯಾರಾಯಿತು. ಈಗಲೂ ಹಲವು ಅಂಗಳಗಳಲ್ಲಿದೆ. ಅದರ 796 ಸಿ.ಸಿ. ಎಂಜಿನ್ನಿಗೆ ಮೂರು ಸಿಲಿಂಡರ್, ಆದ್ದರಿಂದ ಮೂರೇ ಪ್ಲಗ್. ಕಲಿಯುವವರಿಗೆ ಇದಕ್ಕಿಂತ ಸುಲಭದ ಕಾರಿಲ್ಲ. ಹೊಸ ಕಾರುಗಳಲ್ಲಿ ಪ್ಲಗ್ಗಿನ ತಲೆಯ ಮೇಲೆಯೇ ಕಾಯಿಲ್ ಕುಳಿತಿರುತ್ತದೆ, ಅದನ್ನು ಮೊದಲು ಬಿಚ್ಚಬೇಕು. ಡೀಸೆಲ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ಗನ್ನು ಹುಡುಕಬೇಡಿ. ಅಲ್ಲಿ ಅದು ಇಲ್ಲ.

ಬದಲಿಸುವ ಕಾಲ ಬಂದಿತೆಂದು ತಿಳಿಯುವುದು ಹೇಗೆ? ಬೆಳಗ್ಗೆ ಸ್ಟಾರ್ಟ್ ಆಗಲು ಹಟ, ನಿಂತಲ್ಲಿ ಎಂಜಿನ್ ತಡವರಿಸುವುದು, ಏರಿನಲ್ಲಿ ಬಲ ಸಾಲದಿರುವುದು, ಪೆಟ್ರೋಲ್ ಹೆಚ್ಚು ಕುಡಿಯುವುದು. ಆದರೆ ಆಟಿ ತಿಂಗಳ ಮಳೆಯಲ್ಲಿ ಕಾರು ಹಟ ಮಾಡಿದರೆ ಪ್ಲಗ್ಗನ್ನು ಬೈಯುವ ಮುನ್ನ ತಂತಿಗಳನ್ನೂ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನೂ ಒಣಬಟ್ಟೆಯಿಂದ ಒರಸಿ ನೋಡಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ವಿದ್ಯಾರ್ಥಿಗಳು ಈ ಕೆಲಸವನ್ನು ಹಿರಿಯರು ಜೊತೆಗಿದ್ದಾಗ ಮಾತ್ರ ಮಾಡತಕ್ಕದ್ದು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಇದು ಕೈ ಸುಡುವುದೆಂಬ ಕಾರಣಕ್ಕೆ ಮಾತ್ರವಲ್ಲ. ಎಂಜಿನ್ನಿನ ತಲೆಯು ಅಲ್ಯುಮಿನಿಯಮಿನದು. ಬಿಸಿಯಿರುವಾಗ ಉಕ್ಕಿನ ಪ್ಲಗ್ಗನ್ನು ತಿರುಗಿಸಿದರೆ ಅದರ ತಿರುಪಿನ ಹಲ್ಲುಗಳು ಕಿತ್ತುಬರಬಹುದು. ಕೀಲಿ ತೆಗೆದಿರಿಸಿ, ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿರಿ. ಪ್ಲಗ್ ಸ್ಪಾನರ್, ಫೀಲರ್ ಗೇಜ್, ಒಣಬಟ್ಟೆ, ಸೈಕಲ್ ಪಂಪು ಇಷ್ಟಿದ್ದರೆ ಸಾಕು.

ದಪ್ಪ ತಂತಿಗಳ ಜಾಡು ಹಿಡಿದು ಹೋದರೆ ಪ್ಲಗ್ ಸಿಗುತ್ತದೆ. ಮೂರೂ ತಂತಿಗಳನ್ನು ಒಟ್ಟಿಗೆ ಎಳೆಯಬಾರದು. ಈ ಎಂಜಿನ್ನಿನಲ್ಲಿ ಕಿಡಿಯ ಸರದಿ 1–3–2. ತಂತಿ ಅದಲುಬದಲಾದರೆ ಸರದಿ ಕೆಡುತ್ತದೆ. ಒಂದನ್ನು ಬಿಚ್ಚಿ, ಬದಲಿಸಿ, ತಂತಿ ಹಾಕಿದ ಮೇಲೆಯೇ ಮುಂದಿನದಕ್ಕೆ ಕೈಹಾಕಿ. ಎಳೆಯುವಾಗ ತಂತಿಯನ್ನಲ್ಲ, ಅದರ ಟೊಪ್ಪಿಯನ್ನು ಹಿಡಿಯಬೇಕು. ಬಳಿಕ ಪಂಪಿನಿಂದ ಪ್ಲಗ್ಗಿನ ಸುತ್ತಲ ಧೂಳನ್ನು ಊದಿಬಿಡಿ. ನಮ್ಮ ಮುರಕಲ್ಲಿನ ಕೆಂಪು ಹುಡಿ ಒಂದು ಚಿಟಿಕೆ ಸಿಲಿಂಡರಿಗೆ ಬಿದ್ದರೂ ಒಳಗೆ ಗೀರುತ್ತದೆ. ಅನಂತರ ಸ್ಪಾನರನ್ನು ನೆಟ್ಟಗೆ ಕೂರಿಸಿ ಎಡಕ್ಕೆ ತಿರುಗಿಸಿ; ಓರೆಯಾದರೆ ಪಿಂಗಾಣಿ ಒಡೆಯುತ್ತದೆ. ಬಿಗಿದು ಬಾರದಿದ್ದರೆ ಬಲ ಪ್ರಯೋಗ ಬೇಡ, ಬಲ್ಲವರನ್ನು ಕರೆಯಿರಿ.

ಹೊರಬಂದ ಪ್ಲಗ್ಗನ್ನು ಕೂಡಲೇ ಮೂಲೆಗೆ ಹಾಕಬೇಡಿ. ಅದು ಎಂಜಿನ್ ಬರೆದ ಕಾಗದ, ಓದಲು ಕಲಿಯಬೇಕು. ತುದಿಯು ತೆಳು ಕಂದು ಅಥವಾ ಬೂದು ಬಣ್ಣದ್ದಾದರೆ ಎಂಜಿನ್ ಆರೋಗ್ಯವಾಗಿದೆ. ಒಣಗಿದ ಕಪ್ಪು ಮಸಿ ಕಂಡರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ ಎಂದರ್ಥ. ಗಾಳಿಯ ಫಿಲ್ಟರ್ ಕಟ್ಟಿಕೊಂಡಿರಬಹುದು. ದಿನಾಲೂ ಪೇಟೆಗೆ ಒಂದು ಮೈಲು ಮಾತ್ರ ಓಡುವ ಕಾರಿನಲ್ಲಿಯೂ ಹೀಗೇ ಮಸಿ ಕೂರುತ್ತದೆ. ಕಪ್ಪಾಗಿ ಎಣ್ಣೆ ಜಿಡ್ಡು ಇದ್ದರೆ ಪಿಸ್ಟನ್ ರಿಂಗು ಮೊದಲಾದವು ಸವೆದಿರಬಹುದು. ಎಷ್ಟು ಹೊಸ ಪ್ಲಗ್ ಹಾಕಿದರೂ ಆ ರೋಗ ಗುಣವಾಗದು. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ವಿಪರೀತ ಕಾವು. ಒದ್ದೆಯಾಗಿ ಪೆಟ್ರೋಲ್ ನಾತ ಬಂದರೆ ಅಲ್ಲಿ ಕಿಡಿಯೇ ಹಾರಿಲ್ಲ. ಮೂರರಲ್ಲಿ ಎರಡು ಕಂದು, ಒಂದು ಕಪ್ಪು ಎಂದಾದರೆ ದೋಷ ಆ ಒಂದು ಸಿಲಿಂಡರಿನಲ್ಲಿದೆ. ಇಷ್ಟನ್ನು ಓದಬಲ್ಲ ಗಿರಾಕಿಗೆ ಗ್ಯಾರೇಜಿನಲ್ಲಿ ಇಲ್ಲದ ರಿಪೇರಿ ಹೇಳುವುದು ಯಾರಿಗೂ ಸುಲಭವಲ್ಲ. ತಂದೆ-ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು.

ಹೊಸ ಪ್ಲಗ್ ಕೈಪಿಡಿ ಹೇಳಿದ ನಮೂನೆಯದೇ ಆಗಿರಲಿ. ನೋಡಲು ಒಂದೇ ತರ ಇದ್ದರೂ ಉದ್ದದಲ್ಲಿ, ಕಾವು ತಾಳುವ ಗುಣದಲ್ಲಿ ವ್ಯತ್ಯಾಸವಿರುತ್ತದೆ. ಗಡ್ಡಿಗಳ ನಡುವಣ ಅಂತರವನ್ನು ಗೇಜಿನಿಂದ ಅಳೆಯಿರಿ. ಹಳೆಯ 800ಕ್ಕೆ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ಸರಿಪಡಿಸಬೇಕಾದರೆ ಪಕ್ಕದ ಗಡ್ಡಿಯನ್ನಷ್ಟೇ ಮೆಲ್ಲಗೆ ಬಾಗಿಸಿ, ನಡುಗಡ್ಡಿಯನ್ನು ಮುಟ್ಟಬೇಡಿ.

ಈಗ ಮುಖ್ಯವಾದ ಘಟ್ಟ. ಪ್ಲಗ್ಗನ್ನು ಮೊದಲು ಬರಿಯ ಬೆರಳುಗಳಿಂದಲೇ ತಿರುಗಿಸಿ ಒಳಗೆ ಬಿಡಬೇಕು. ಕೈ ಹೋಗದಿದ್ದರೆ ಪ್ಲಗ್ಗಿನ ತಲೆಗೆ ರಬ್ಬರ್ ನಳಿಗೆಯ ತುಂಡೊಂದನ್ನು ಸಿಕ್ಕಿಸಿ ತಿರುಗಿಸಿರಿ. ಹಲ್ಲು ತಪ್ಪಿದರೆ ನಳಿಗೆ ಜಾರುತ್ತದೆ, ಎಂಜಿನ್ ಉಳಿಯುತ್ತದೆ. ಮೊದಲ ಸುತ್ತಿನಲ್ಲೇ ಬಿಗಿಯಾಯಿತೆಂದರೆ ಓರೆಯಾಗಿ ಹೋಗಿದೆ, ಹಿಂದಕ್ಕೆ ತೆಗೆಯಿರಿ. ಪ್ಲಗ್ಗಿನ ಬೆಲೆ ಅಲ್ಪ. ಹಲ್ಲು ಕೆಟ್ಟ ಎಂಜಿನ್ ತಲೆಯ ರಿಪೇರಿಗೆ ಬೀಳುವ ಖರ್ಚು ಅದರ ಹಲವು ಪಾಲು. ಬೆರಳಿನ ಬಿಗಿ ಮುಗಿದ ಮೇಲೆ ಸ್ಪಾನರಿನಿಂದ, ವಾಷರ್ ಇರುವ ಹೊಸ ಪ್ಲಗ್ಗಿಗೆ ಅರ್ಧ ಸುತ್ತು ಸಾಕು. ವಾಷರಿಲ್ಲದ, ಇಳಿಜಾರು ಕತ್ತಿನ ಪ್ಲಗ್ಗಾದರೆ ಸುತ್ತಿನ ಹದಿನಾರನೆಯ ಒಂದು ಪಾಲು ಮಾತ್ರ. ಟೊಪ್ಪಿಯನ್ನು ಟಕ್ಕೆಂದು ಕೂರುವ ತನಕ ಒತ್ತಿರಿ.

ಮೂರೂ ಆದ ಮೇಲೆ ಬ್ಯಾಟರಿಯ ತುದಿಯನ್ನು ಸೇರಿಸಿ, ಸ್ಟಾರ್ಟ್ ಮಾಡಿ ಕಿವಿಗೊಡಿ. ತಡವರಿಕೆ ಇನ್ನೂ ಇದ್ದರೆ ಯಾವುದೋ ಟೊಪ್ಪಿ ಸರಿಯಾಗಿ ಕೂತಿಲ್ಲ. ಎಂಜಿನ್ ನಿಲ್ಲಿಸಿ ನೋಡಿರಿ. ಅಂದಿನ ತಾರೀಕನ್ನೂ ಓಡಿದ ಕಿಲೋಮೀಟರನ್ನೂ ಬರೆದಿಡಿ. ಹಳೆಯ ಪ್ಲಗ್ಗುಗಳ ಮೇಲೆ 1, 2, 3 ಎಂದು ಚೀಟಿ ಅಂಟಿಸಿ ಶಾಲೆಗೆ ತನ್ನಿರಿ. ಕಪ್ಪು, ಕಂದು, ಬಿಳಿ ಮೂರು ಬಗೆಯವೂ ಕೂಡಿದರೆ ವಿಜ್ಞಾನದ ಕೊಠಡಿಯ ಮೇಜಿನ ಮೇಲೆ ಸಾಲಾಗಿ ಇರಿಸಿ ಎಲ್ಲರೂ ಓದಿ ನೋಡೋಣ.