ಮಾಸಿದ ಚೆಂಡು, ಅರ್ಧ ಸೆಕೆಂಡು

1920ನೆಯ ಇಸವಿ ಆಗಸ್ಟ್ 16ರಂದು ನ್ಯೂಯಾರ್ಕ್ ನಗರದ ಪೋಲೋ ಗ್ರೌಂಡ್ಸ್ ಕ್ರೀಡಾಂಗಣದಲ್ಲಿ ಯಾಂಕೀಸ್ ಮತ್ತು ಕ್ಲೀವ್‌ಲೆಂಡ್ ತಂಡಗಳ ಬೇಸ್‌ಬಾಲ್ ಪಂದ್ಯ ನಡೆಯುತ್ತಿತ್ತು. ಯಾಂಕೀಸ್ ತಂಡದ ಕಾರ್ಲ್ ಮೇಸ್ ಎಸೆದ ಚೆಂಡು ಎದುರಾಳಿ ದಾಂಡಿಗ ರೇ ಚ್ಯಾಪ್‌ಮನ್ನನ ತಲೆಗೆ ಬಡಿಯಿತು. ಮರುದಿನ ಆತನು ಮೃತನಾದನು. ಚೆಂಡಿನಿಂದ ತಪ್ಪಿಸಿಕೊಳ್ಳಲು ಆತನು ಯತ್ನಿಸಿದಂತೆಯೇ ಕಾಣಲಿಲ್ಲವೆಂದು ನೋಡಿದವರು ಹೇಳಿದರು. ಇದಕ್ಕೆ ಕಾರಣವೇನಿರಬಹುದು?

ಮೊದಲು ಕಾಲವನ್ನು ಲೆಕ್ಕಹಾಕೋಣ. ಎಸೆಯುವವನ ಕೈಯಿಂದ ದಾಂಡಿಗನಿಗೆ ಸುಮಾರು 17 ಮೀಟರು ದೂರ. ಚೆಂಡಿನ ವೇಗ ಸೆಕೆಂಡಿಗೆ 35 ಮೀಟರು ಎಂದಿಟ್ಟುಕೊಂಡರೆ ಅದು ಬಂದು ಮುಟ್ಟಲು ಸುಮಾರು ಅರ್ಧ ಸೆಕೆಂಡು ಸಾಕು. ಕಣ್ಣು ಕಂಡುದಕ್ಕೆ ದೇಹವು ಪ್ರತಿಕ್ರಿಯೆ ತೋರಲು ಸುಮಾರು 0.2 ಸೆಕೆಂಡು ಬೇಕು. ಉಳಿಯುವುದು 0.3 ಸೆಕೆಂಡು ಮಾತ್ರ. ಚೆಂಡು ತಡವಾಗಿ ಕಣ್ಣಿಗೆ ಬಿದ್ದರೆ ಇದೂ ಇಲ್ಲ.

ವಸ್ತುವೊಂದು ನಮಗೆ ಕಾಣಬೇಕಾದರೆ ಅದರಿಂದ ಬರುವ ಬೆಳಕು ಹಿನ್ನೆಲೆಯ ಬೆಳಕಿಗಿಂತ ಭಿನ್ನವಾಗಿರಬೇಕು. ಬಿಳಿಯ ಚೆಂಡು ತನ್ನ ಮೇಲೆ ಬಿದ್ದ ಬೆಳಕಿನ ಹೆಚ್ಚಿನ ಭಾಗವನ್ನು ಪ್ರತಿಫಲಿಸುತ್ತದೆ. ಆ ಕಾಲದಲ್ಲಾದರೋ ಒಂದೇ ಚೆಂಡನ್ನು ಬಹಳ ಹೊತ್ತು ಬಳಸುತ್ತಿದ್ದರು. ಮಣ್ಣು, ಉಗುಳು, ತಂಬಾಕಿನ ರಸ ಅಂಟಿ ಅದು ಕಂದುಬಣ್ಣಕ್ಕೆ ತಿರುಗುತ್ತಿತ್ತು. ಇಂತಹ ಚೆಂಡು ಮಬ್ಬು ಹಿನ್ನೆಲೆಯಲ್ಲಿ ಸುಲಭವಾಗಿ ಮರೆಯಾಗುತ್ತದೆ.

ಇನ್ನು ಪೆಟ್ಟಿನ ಮಾತು. 0.145 ಕಿಲೋಗ್ರಾಂ ದ್ರವ್ಯರಾಶಿಯ ಚೆಂಡು ಮೇಲೆ ಹೇಳಿದ ವೇಗದಲ್ಲಿ ಸುಮಾರು 89 ಜೂಲ್ ಚಲನಶಕ್ತಿಯನ್ನು ಪಡೆದಿರುತ್ತದೆ. ಒಂದು ಕಿಲೋಗ್ರಾಂ ಕಲ್ಲು 9 ಮೀಟರು ಎತ್ತರದಿಂದ ಬಿದ್ದಾಗ ಪಡೆಯುವ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ. ಚ್ಯಾಪ್‌ಮನ್ನನ ತಲೆಯ ಮೇಲಾದರೋ ಶಿರಸ್ತ್ರಾಣವಿರಲಿಲ್ಲ.

ಈ ಮರಣದ ಬಳಿಕ ಮಾಸಿದ ಚೆಂಡನ್ನು ಒಡನೆ ಬದಲಿಸುವ ಪದ್ಧತಿ ಬಲಗೊಂಡಿತು. ಶಿರಸ್ತ್ರಾಣ ಕಡ್ಡಾಯವಾಗಲು ಮಾತ್ರ ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.